ನಿಮ್ಮ ಹೆಸರನ್ನು ಓದಿದ ಮೇಲೆ

ಆತ್ಮೀಯ ಮಿತ್ರರಾದ ಲಿಯಾಖತ್ ಅವರಿಗೆ,

ಮುಳಬಾಗಿಲಿನಿಂದ ನಿಮ್ಮ ಶ್ರೀನಿವಾಸಪ್ಪನ ವಂದನೆಗಳು. ಮೊದಲು ಕ್ಷೇಮವನ್ನು ವಿಚಾರಿಸಿ ಅನಂತರ ವಿಷಯಕ್ಕೆ ಬರುವುದು ಪತ್ರದ ಮರ್ಯಾದೆ. ಆದರೆ ನಿಮ್ಮ ಕ್ಷೇಮ ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನಾನು ಬಲ್ಲೆ. ಅದು ಆ ಸ್ಥಿತಿಗೆ ಇಳಿದದ್ದು ನನ್ನ ಬಾಯಿಯಿಂದ ಹೊರಟ ಮಾತಿನಿಂದ ಎಂಬುದನ್ನೂ ಬಲ್ಲೆ. ಆದ್ದರಿಂದ ವಿಚಾರಿಸುವ ಧೈರ್ಯ ನನಗಿಲ್ಲ.

ನಾಳೆ ಸಂಜೆ ಶ್ರೀನಿವಾಸಪುರದ ಮೈದಾನದಲ್ಲಿ ನಮ್ಮ ನಿಚ್ಚಳ ಪಕ್ಷದ ಸಭೆ. ಮತದಾನಕ್ಕೆ ಮುನ್ನ ಅದೇ ಕೊನೆಯದು. ಭಾಷಣಗಳು ಮುಗಿದ ಬಳಿಕ, ನಮ್ಮ ಪದ್ಧತಿಯಂತೆ, ಪಕ್ಷಕ್ಕೆ ಏನನ್ನಾದರೂ ಕೊಟ್ಟ ಪ್ರತಿಯೊಬ್ಬರ ಹೆಸರನ್ನೂ ಖಜಾಂಚಿಯಾದ ನಾನು ಧ್ವನಿವರ್ಧಕದಲ್ಲಿ ಓದಬೇಕು. ನಿಮ್ಮ ಹೆಸರು ಬಂದಾಗ ಏನೆಂದು ಓದಲಿ? ಇಷ್ಟು ದಿನ ಓದಿದಂತೆ, ಲಿಯಾಖತ್ ಅವರಿಂದ ಎಲ್ಲ ಸಭೆಗಳಿಗೂ ಧ್ವನಿವರ್ಧಕದ ಉಚಿತ ಕೊಡುಗೆ ಎಂದು ಓದಿದರೆ ಈ ತಿಂಗಳ ಕೊನೆಗೆ ನಿಮ್ಮ ಅಂಗಡಿ ಇರುವುದಿಲ್ಲ. ಕೊಡುಗೆಯಲ್ಲ, ಬಾಡಿಗೆಗೆ ಪಡೆದದ್ದು, ಹಿಂದೆ ತಪ್ಪಾಗಿ ಓದಲಾಗಿತ್ತು ಎಂದು ಓದಿದರೆ ಅಂಗಡಿ ಉಳಿಯುತ್ತದೆ. ಆದರೆ ಅದು ಸುಳ್ಳು. ಬೆಳಗಿನಿಂದ ಈ ಎರಡು ವಾಕ್ಯಗಳನ್ನು ಬಾಯಲ್ಲಿ ಹಿಡಿದುಕೊಂಡು ಕುಳಿತಿದ್ದೇನೆ. ಒಂದನ್ನು ನುಂಗಲಾರೆ, ಇನ್ನೊಂದನ್ನು ಉಗುಳಲಾರೆ.

ನಿಮ್ಮೊಡನೆ ಎದುರಿಗೇ ಮಾತನಾಡಬಹುದಾಗಿತ್ತು. ಹೋದ ವಾರ ಬಂದಿದ್ದೆ, ಬಾಯಿ ತೆರೆಯುವ ಮೊದಲೇ ನೀವು ಚಹಾ ತರಿಸಿ, "ಮೇಷ್ಟ್ರೇ, ಆ ಮಾತು ಒಂದು ಬಿಟ್ಟು ಬೇರೆ ಏನ್ ಬೇಕಾದ್ರೂ ಮಾತಾಡಿ. ಮಳೆ ಬಗ್ಗೆ ಮಾತಾಡಿ" ಎಂದಿರಿ. ನಾವು ಮಳೆಯ ಬಗ್ಗೆ ಮಾತನಾಡಿದೆವು. ಆದ್ದರಿಂದ ಬರೆಯುತ್ತಿದ್ದೇನೆ. ಬರೆದದ್ದನ್ನು ನೀವು ನಡುವೆ ತಡೆಯಲಾರಿರಿ.

ಈ ಓದುವ ಪದ್ಧತಿ ಯಾರ ತಲೆಯಿಂದ ಹುಟ್ಟಿತೆಂದು ಯಾರಾದರೂ ಕೇಳಿದರೆ ಜನ ನನ್ನತ್ತ ಬೆರಳು ತೋರಿಸುತ್ತಾರೆ. ಅದು ನಿಮ್ಮದು. ಆವನಿಯಲ್ಲಿ ನಮ್ಮ ಕೋದಂಡರಾಮಪ್ಪನ ಮಗಳು ಪವಿತ್ರಳ ಮದುವೆ. ಶಾಮಿಯಾನ, ಕುರ್ಚಿ, ಮೈಕು ಎಲ್ಲವೂ ನಿಮ್ಮದೇ. ಊಟದ ಪಂಕ್ತಿ ಖಾಲಿಯಾಗುವುದು ತಡವೆಂದು ನಾನು ನಿಮ್ಮ ಯಂತ್ರದ ಪಕ್ಕದಲ್ಲಿ ಒಂದು ಕುರ್ಚಿ ಎಳೆದುಕೊಂಡು ದಿನಪತ್ರಿಕೆ ಹಿಡಿದಿದ್ದೆ. ಅತ್ತ ಮುಯ್ಯಿ ಓದುತ್ತಿದ್ದರು. ನಮ್ಮ ಸೀಮೆಯ ಮದುವೆಯಲ್ಲಿ ಕೊಟ್ಟವನ ಹೆಸರು, ಅವನ ಊರು, ಅವನು ಕೊಟ್ಟದ್ದು ಮೂರನ್ನೂ ಕೂಗಿ ಹೇಳದಿದ್ದರೆ ಕೊಟ್ಟಂತೆಯೇ ಅಲ್ಲ. ಆಂಧ್ರದ ಗಡಿಯತ್ತ ಹೋದರೆ ಅದನ್ನೇ ಚದಿವಿಂಪು ಎನ್ನುತ್ತಾರೆ. ನನ್ನ ಕೈಯಲ್ಲಿದ್ದ ಪತ್ರಿಕೆಯಲ್ಲಿ ಬೇರೆ ಕೆಲವು ಹೆಸರುಗಳ ಸುದ್ದಿಯಿತ್ತು. ರಾಜಕೀಯ ಪಕ್ಷಗಳಿಗೆ ಬಾಂಡುಗಳ ಮೂಲಕ ಗುಟ್ಟಾಗಿ ಹಣ ಕೊಡುವ ಪದ್ಧತಿ ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟು, ಕೊಟ್ಟವರ ಹೆಸರುಗಳು ಹೊರಬಿದ್ದಿದ್ದ ದಿನಗಳು ಅವು. ನಾನು ಅದನ್ನು ನಿಮಗೆ ವಿವರಿಸಿದೆ. ನೀವು ಸ್ವಲ್ಪ ಹೊತ್ತು ಮುಯ್ಯಿ ಓದುವವನ ಕಡೆ ನೋಡಿ, ನನ್ನ ಕಡೆ ತಿರುಗಿದಿರಿ.

"ಏನ್ ಮೇಷ್ಟ್ರೇ ಇದು? ಮದ್ವೇಲಿ ಒಂದು ಸ್ಟೀಲ್ ಬಿಂದಿಗೆ ಕೊಟ್ಟೋನ ಹೆಸ್ರು ಊರಿಗೆಲ್ಲಾ ಕೇಳ್ಸುತ್ತೆ. ನಮ್ಮನ್ನ ಆಳೋನಿಗೆ ಕೋಟಿ ಕೊಟ್ಟೋನ ಹೆಸ್ರು ಕೇಳ್ಬೇಕಂದ್ರೆ ಸುಪ್ರೀಂ ಕೋರ್ಟು ಬರ್ಬೇಕಾ?"

ಮಾಲೂರಿನ ವಕೀಲೆ ಸುನಂದ ನಮ್ಮ ಎದುರಿನ ಸಾಲಿನಲ್ಲಿ ಕುಳಿತಿದ್ದರು. ಅವರು ಪಕ್ಷವನ್ನು ನೋಂದಾಯಿಸಿ ಆಗಿನ್ನೂ ಕೆಲವೇ ತಿಂಗಳಾಗಿತ್ತು. ಪಕ್ಷದಲ್ಲಿ ಅವರೂ, ಅವರ ಕಕ್ಷಿದಾರರಲ್ಲಿ ನಾಲ್ಕು ಜನರೂ, ನಾನೂ ಬಿಟ್ಟರೆ ಮತ್ತಾರೂ ಇರಲಿಲ್ಲ. ಅವರು ಎದ್ದು ಬಂದು, "ಸಾಹೇಬ್ರೇ, ಇನ್ನೊಂದ್ ಸಲ ಹೇಳಿ" ಎಂದರು. ನೀವು ನಾಚಿಕೊಂಡು, ಯಾವುದೋ ತಂತಿ ಸಡಿಲವಾಗಿದೆಯೆಂದು ಮೇಜಿನ ಕೆಳಗೆ ಬಗ್ಗಿದಿರಿ.

ಅಂದಿನಿಂದ ನಮ್ಮ ನಿಯಮ ಅದೇ ಆಯಿತು. ಯಾರು ಏನು ಕೊಟ್ಟರೂ, ಕೊಟ್ಟ ಊರಿನಲ್ಲಿಯೇ, ಕೊಟ್ಟ ಸಭೆಯಲ್ಲಿಯೇ ಓದುವುದು. ಕಾಯಿದೆ ಅಷ್ಟನ್ನು ಕೇಳುವುದಿಲ್ಲ. ಒಂದು ಮಿತಿಗಿಂತ ಕಡಮೆ ಕೊಟ್ಟವರ ಹೆಸರನ್ನು ಯಾವ ಪಕ್ಷವೂ ಎಲ್ಲಿಯೂ ಹೇಳಬೇಕಾಗಿಲ್ಲ. ನಾವು ಹೇಳಿದೆವು. ಜನ ನಮ್ಮನ್ನು "ಓದ್ಸೋ ಪಾರ್ಟಿ" ಎಂದು ಕರೆಯತೊಡಗಿದರು. ನಾನು ಅಷ್ಟು ಆಸೆಯಿಂದ ಇಟ್ಟ ನಿಚ್ಚಳ ಎಂಬ ಹೆಸರನ್ನು ಯಾರೊಬ್ಬರೂ ನೆನಪಿಡಲಿಲ್ಲ. ಅದರಿಂದ ನನಗೆ ಬೇಸರವೂ ಆಗಲಿಲ್ಲ.

ಹುತ್ತೂರಿನ ಸಭೆ ನಿಮಗೆ ನೆನಪಿರಬೇಕು. ಹಿಪ್ಪುನೇರಳೆ ತೋಟದಿಂದ ನೇರವಾಗಿ ಬಂದ ಅಶ್ವತ್ಥಮ್ಮನವರು ಒಂದು ಮೊರದ ತುಂಬ ಅವರೆಕಾಯಿಯನ್ನು ವೇದಿಕೆಯ ಮೇಲೆ ಇಟ್ಟರು. ನಾನು ಅಶ್ವತ್ಥಮ್ಮ, ಗಂಡ ಇಂಥವರು ಎಂದು ಓದಲು ಆರಂಭಿಸಿದೆನೋ ಇಲ್ಲವೋ, ಕೆಳಗಿನಿಂದ ಕೂಗು ಬಂತು: "ಆವಪ್ಪನ್ ಹೆಸ್ರು ಯಾಕ್ ಸಾಮಿ? ಬಿತ್ತಿದ್ದು ನಾನು, ಕಿತ್ತಿದ್ದು ನಾನು. ಅವ್ನು ಆ ಕಡೆ ಪಾರ್ಟಿ ಬಿರ್ಯಾನಿಗೆ ಹೋಗವ್ನೆ. ನನ್ ಹೆಸ್ರು ಒಂದೇ ಓದಿ!" ಒಂದೇ ಓದಿದೆ. ನೀವು ಯಂತ್ರದ ಹಿಂದೆ ಕಣ್ಣಲ್ಲಿ ನೀರು ಬರುವಂತೆ ನಕ್ಕಿರಿ. ಆ ಅವರೆಕಾಯಿಯನ್ನು ಅಲ್ಲಿಯೇ ಹರಾಜು ಹಾಕಿ, ಕೊಂಡವರ ಹೆಸರನ್ನೂ ಓದಿದೆವು. ಅಂಥ ಸಂತೋಷದ ಸಂಜೆಗಳು ನನ್ನ ಇಡೀ ಅಧ್ಯಾಪಕ ವೃತ್ತಿಯಲ್ಲಿ ಬಂದಿರಲಿಲ್ಲ. ಇಳಿವಯಸ್ಸಿನಲ್ಲಿ ಒಂದು ಒಳ್ಳೆಯ ಕೆಲಸ ನನ್ನನ್ನು ಹುಡುಕಿಕೊಂಡು ಬಂದಿತೆಂದು ನಂಬಿದೆ.

ಚುನಾವಣೆ ಘೋಷಣೆಯಾದ ವಾರ ನೀವು ಸುನಂದರ ಕಚೇರಿಗೆ ಬಂದು, ಮತದಾನ ಮುಗಿಯುವವರೆಗೆ ನಾವು ಪ್ರಚಾರ ಮಾಡುವ ನಾಲ್ಕೂ ತಾಲ್ಲೂಕಿನಲ್ಲಿ ನಮ್ಮ ಸಭೆಗಳಿಗೆ ಧ್ವನಿವರ್ಧಕ ನಿಮ್ಮದು, ಬಾಡಿಗೆ ಕೇಳುವುದಿಲ್ಲ ಎಂದಿರಿ. ವಸ್ತುವಿನ ರೂಪದಲ್ಲಿ ಕೊಟ್ಟದ್ದೂ ಕೊಡುಗೆಯೇ, ಅದನ್ನೂ ಓದಬೇಕು ಎಂದು ಸುನಂದ ಹೇಳಿದರು. ನೀವು ಸಂಕೋಚಪಟ್ಟಿರಿ. ನಾನು ಒತ್ತಾಯ ಮಾಡಿದೆ. ಕೋಲಾರದ ಸಭೆಯಲ್ಲಿ ನಿಮ್ಮ ಹೆಸರನ್ನು ಓದಿದಾಗ, ನೀವು ಯಂತ್ರವನ್ನು ಮಗ ತನ್ವೀರನಿಗೆ ಒಪ್ಪಿಸಿ, ವೇದಿಕೆಯ ಮುಂದಕ್ಕೆ ಬಂದು, ಜನರ ನಡುವೆ ಜನರಂತೆ ನಿಂತುಕೊಂಡಿರಿ. ಹೆಸರನ್ನು ಅತ್ತ ಇತ್ತ ತಿರುಗದೆ ಕೇಳಿದಿರಿ. ಆಮೇಲೆ ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ನಮ್ಮಪ್ಪನ ಕಾಲದಿಂದ ಬೇರೇರ ಹೆಸ್ರಿಗೆ ಮೈಕು ಕಟ್ಟಿದ್ದೀವಿ ಮೇಷ್ಟ್ರೇ. ನಮ್ಮ ಖಾಂದಾನ್ ಹೆಸ್ರು ಇದೇ ಮೊದಲ ಸಲ ಹೊರಗೆ ಬಂದಿದ್ದು."

ಆ ಹೆಸರನ್ನೇ ನಾನು ನಾಳೆ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ.

ನಾವು ಮಾಡಿದ ತಪ್ಪು ಎಂಥದು ಎಂಬುದನ್ನು ಎಷ್ಟು ದಿನಗಳಿಂದ ಯೋಚಿಸುತ್ತಿದ್ದೇನೆ! ಬೇರೆ ಯಾವ ಸೀಮೆಯವರೂ ಈ ತಪ್ಪನ್ನು ಮಾಡುತ್ತಿರಲಿಲ್ಲವೇನೋ. ಹೆಸರನ್ನು ಕೂಗಿ ಓದುವುದೆಂದರೆ ಗೌರವ ಎಂಬುದು ನಮಗೆ ತೊಟ್ಟಿಲಿನಿಂದ ಬಂದ ತಿಳಿವಳಿಕೆ. ಹೆಸರು ಓದಿಸಿಕೊಂಡು ಕೆಟ್ಟವನನ್ನು ನಾವು ಕಂಡೇ ಇರಲಿಲ್ಲ. ಆದರೆ ಮದುವೆಯ ಚಪ್ಪರದಲ್ಲಿ ಕೊಟ್ಟವನೂ ಪಡೆದವನೂ ನೋಡುವವನೂ ಒಂದೇ ಬೆಳಕಿನಲ್ಲಿ ಇರುತ್ತಾರೆ. ಈ ದಿನ ಕೊಟ್ಟವನ ಮನೆಯಲ್ಲಿ ನಾಳೆ ಮದುವೆಯಾಗುತ್ತದೆ. ಈ ದಿನ ಪಡೆದವನು ಅಲ್ಲಿಗೆ ಹೋಗಿ ಮರಳಿ ಓದಿಸುತ್ತಾನೆ. ಚುನಾವಣೆಯ ಮೈದಾನದಲ್ಲಿ ನಾವು ಮಾತ್ರ ದೀಪ ಹಚ್ಚಿಕೊಂಡು ನಿಂತೆವು. ಉಳಿದವರು ಕತ್ತಲೆಯಲ್ಲಿ ಕುಳಿತು, ಬೆಳಕಿನಲ್ಲಿ ಯಾರು ಯಾರಿದ್ದಾರೆಂದು ಗುರುತು ಮಾಡಿಕೊಂಡರು.

ಗುರುತು ಮಾಡಿಕೊಂಡವನು ಕದಿರೇಶ್. ಜಲ್ಲಿ ಕ್ರಷರಿನ ಒಡೆಯ, ಎರಡು ಕಲ್ಯಾಣ ಮಂಟಪಗಳ ಯಜಮಾನ, ಎದುರು ಪಕ್ಷದ ಅಭ್ಯರ್ಥಿಯ ಬಲಗೈ. ಅವನು ಯಾರನ್ನೂ ಹೊಡೆಯಲಿಲ್ಲ, ಬೈಯಲಿಲ್ಲ. ತನ್ನ ಮಂಟಪದಲ್ಲಿ ಮದುವೆ ಇಟ್ಟುಕೊಂಡವರಿಗೆ, ಮೈಕು ಶಾಮಿಯಾನ ನಮ್ಮ ಕಡೆಯವರಿಂದಲೇ ತರಿಸಿ ಎಂದ. ಉಳಿದ ಮಂಟಪಗಳವರಿಗೂ ಅದೇ ಮಾತು ತಲುಪಿತು. ನಿಮಗೆ ಮುಂಗಡ ಕೊಟ್ಟಿದ್ದವರು ಒಬ್ಬೊಬ್ಬರಾಗಿ ಬಂದು, "ಏನ್ ಮಾಡೋದು ಭಾಯ್, ಹೆಣ್ಣು ಮದ್ವೆ, ತಕರಾರು ಬೇಡ" ಎಂದು ಹೇಳಿ ಹೋದರು. ಅವರನ್ನು ನೀವು ಬೈಯಲಿಲ್ಲ. ನಿಮ್ಮ ಅಂಗಡಿಯ ಹಿಂದೆ ಶಾಮಿಯಾನದ ಕೊಳವೆಗಳು ಅಟ್ಟಿ ಹಾಕಿದಂತೆಯೇ ಇವೆ. ಹೆಸರು ಓದಿದ ದಿನ ನಿಮ್ಮ ಯಂತ್ರವನ್ನು ನೋಡಿಕೊಂಡ ತನ್ವೀರ್ ಈಗ ನರಸಾಪುರದ ಕಾರ್ಖಾನೆಗೆ ಪಾಳಿಯ ಕೆಲಸಕ್ಕೆ ಹೋಗುತ್ತಾನೆ. ಕಂಪನಿಯ ಬಸ್ಸು ನಿಮ್ಮ ಅಂಗಡಿಯ ಮುಂದೆಯೇ ಅವನನ್ನು ಹತ್ತಿಸಿಕೊಳ್ಳುತ್ತದೆ ಎಂದು ಕೇಳಿದ್ದೇನೆ. ಈಗ ಅಂಗಡಿಯ ಮಾಲೀಕರೂ ತಿಂಗಳ ಕೊನೆಗೆ ಜಾಗ ಬಿಡಿ ಎಂದಿದ್ದಾರೆ. ಅವರಿಗೆ ಹೇಳಿದವರು ಯಾರೆಂದು ಊಹಿಸುವುದಕ್ಕೆ ಪಾಂಡಿತ್ಯ ಬೇಕಾಗಿಲ್ಲ.

ಕದಿರೇಶನನ್ನು ನಾನೇ ಹುಡುಕಿಕೊಂಡು ಹೋದೆ. ಈ ವಿಷಯ ನಿಮಗೆ ತಿಳಿಯದು. ಕಾಲಿಗೆ ಬೀಳುವುದೊಂದನ್ನು ಬಿಟ್ಟು ಉಳಿದ ರೀತಿಯಲ್ಲೆಲ್ಲ ಬೇಡಿಕೊಂಡೆ. ಅವನು ಎದ್ದು ನಿಂತು ಕುರ್ಚಿ ಕೊಟ್ಟ. "ಕೂತ್ಕೊಳ್ಳಿ ಮೇಷ್ಟ್ರೇ, ನೀವು ನಮ್ ಅಣ್ಣಂಗೆ ಪಾಠ ಮಾಡ್ದೋರು. ಅಯ್ಯೋ, ಸಾಬ್ರ ಮೇಲೆ ನಮಗೇನ್ ಕೋಪ? ವ್ಯಾಪಾರಸ್ಥ ವ್ಯಾಪಾರ ಮಾಡ್ಲಿ, ಅಷ್ಟೇ. ಬಾಡಿಗೆಗೆ ಕೊಟ್ಟಿದ್ದು ಅಂತ ಒಂದ್ ಮಾತು, ಅದೇ ಮೈಕಲ್ಲಿ, ಅದೇ ಬಾಯಲ್ಲಿ ಹೇಳ್ಬಿಡಿ. ಅವ್ರಿಗೂ ಇದನ್ನೇ ಹೇಳ್ಕಳ್ಸಿದೀನಿ. ಮಾರನೇ ದಿನದಿಂದ ನಮ್ ಮಂಟಪದ್ ಮದ್ವೆಗಳೆಲ್ಲಾ ಅವ್ರದ್ದೇ, ಅಂಗ್ಡಿನೂ ಎಲ್ಲೂ ಹೋಗಲ್ಲ" ಎಂದ.

ನಿಮ್ಮ ಪಕ್ಷದ ವೇದಿಕೆ, ನೂರಾರು ವಾಹನ, ಸೀರೆ, ಕುಕ್ಕರು, ತಿರುಪತಿಗೆ ಬಸ್ಸು ಇವುಗಳನ್ನು ಕೊಟ್ಟವರು ಯಾರಪ್ಪಾ ಎಂದು ಕೇಳಿದೆ.

"ಅಭಿಮಾನಿಗಳು ಮೇಷ್ಟ್ರೇ."

ಅವರ ಹೆಸರು?

"ಅಭಿಮಾನಿಗೆ ಎಲ್ಲಾದ್ರೂ ಹೆಸ್ರಿರುತ್ತಾ? ಹೆಸ್ರಿದ್ರೆ ಅವ್ನು ಕಂಟ್ರಾಕ್ಟರ್ ಆಗೋಗ್ತಾನೆ" ಎಂದು ತಾನೇ ನಕ್ಕು, ನನಗೆ ಬಾದಾಮಿ ಹಾಲು ತರಿಸಿದ. ಹೇಳಲು ನಾಚಿಕೆಯಾಗುತ್ತದೆ, ನಾನು ಅದನ್ನು ಕುಡಿದೆ. ಬೇಡವೆಂದರೆ ನಿಮ್ಮ ಕೆಲಸ ಕೆಡುತ್ತದೆಯೋ ಎಂದು ಹೆದರಿದೆ.

ಅಲ್ಲಿಂದ ಸುನಂದರ ಬಳಿಗೆ ಹೋದೆ. ಸಣ್ಣವರ ಹೆಸರನ್ನು ಓದುವುದು ಬೇಡ, ದೊಡ್ಡ ಮೊತ್ತದವರ ಹೆಸರನ್ನು ಮಾತ್ರ ಓದೋಣ, ಬಡವನಿಗೆ ಒಂದು ಮರೆ ಇರಲಿ ಎಂದೆ. "ಮೇಷ್ಟ್ರೇ, ನೀವು ಹೇಳೋ ಮರೆ ಕಾಯಿದೇಲಿ ಆಗ್ಲೇ ಇದೆ. ಬಡವ ಅಲ್ಲಿ ಕೂತಿಲ್ಲ. ದೊಡ್ಡೋನು ತನ್ನನ್ನೇ ಸಾವಿರ ತುಂಡು ಮಾಡ್ಕೊಂಡು, ಸಾವಿರ ಬಡವರ ವೇಷ ಹಾಕ್ಕೊಂಡು ಅಲ್ಲಿ ಕೂತಿದಾನೆ" ಎಂದರು. ತೆರೆದರೆ ಸಣ್ಣವನು ಸಾಯುತ್ತಾನೆ, ಮುಚ್ಚಿದರೆ ದೊಡ್ಡವನು ಬದುಕುತ್ತಾನೆ. ದೊಡ್ಡವರು ಮೊದಲು ತೆರೆದುಕೊಂಡು, ಕೊಟ್ಟವನನ್ನು ಪೀಡಿಸಿದವನಿಗೆ ಶಿಕ್ಷೆಯಾಗುವಂಥ ಕಾಯಿದೆ ಬಂದ ಮೇಲೆ ಸಣ್ಣವರನ್ನು ಬೆಳಕಿಗೆ ಕರೆಯಬೇಕಾಗಿತ್ತು. ನಾವು ಹಿಂದುಮುಂದಾಗಿ ಕರೆದೆವು. ಅಂಥ ಕಾಯಿದೆ ನನ್ನ ಜೀವಿತದಲ್ಲಿ ಬರುವುದಿಲ್ಲ, ಲಿಯಾಖತ್. ಅದನ್ನು ಮಾಡಬೇಕಾದವರು ಹೆಸರಿಲ್ಲದ ಆ ಅಭಿಮಾನಿಗಳ ಹಣದಿಂದಲೇ ಗೆದ್ದು ಹೋಗಿರುವವರು.

ಬಾಡಿಗೆ ಎಂದು ಓದುವ ವಿಷಯಕ್ಕೆ ಸುನಂದ ಹೇಳಿದ್ದಿಷ್ಟು: "ಬಾಡಿಗೆ ಅಂದ್ರೆ ಅದು ಖರ್ಚು. ಖರ್ಚಿನ ಲೆಕ್ಕದಲ್ಲಿ ಬರ್ಬೇಕು. ಇಲ್ಲದ ದುಡ್ಡಿಗೆ ರಸೀದಿ ಮಾಡಿ ಸಹಿ ಹಾಕ್ಬೇಕು. ಖಜಾಂಚಿ ನೀವು. ನಾನು ಹಾಕಿ ಅನ್ನಲ್ಲ, ಹಾಕ್ಬೇಡಿ ಅಂತಾನೂ ಅನ್ನಲ್ಲ. ಅವ್ರ ಮನೆ ಮುಂದೆ ಹೋಗಿ ನಿಂತ್ಕೊಳ್ಳೋ ಮುಖ ನನಗಿಲ್ಲ." ಅವರು ಅತ್ತದ್ದನ್ನು ನಾನು ಮೊದಲ ಸಲ ಕಂಡೆ.

ಇನ್ನು ಈ ದಿನದ ಬೆಳಗಿನ ವಿಷಯ. ನಿಮ್ಮ ಮನೆಯವರು, ನನಗೆ ತಂಗಿಯಂತಿರುವ ಅಖ್ತರ್ ಬಾನು, ನಮ್ಮ ಮನೆಗೆ ಬಂದಿದ್ದರು. ಶ್ರೀನಿವಾಸಪುರದ ಮೊದಲ ಬಸ್ಸಿನಲ್ಲಿ, ಒಬ್ಬರೇ. ನಾನು ಜಗುಲಿಯಲ್ಲಿ ಕುಳಿತಿದ್ದೆ. ಒಳಗೆ ಬನ್ನಿ ಎಂದರೆ ಬರಲಿಲ್ಲ. ನೀರು ಕೊಟ್ಟರೆ ಲೋಟವನ್ನು ಕೈಯಲ್ಲಿ ಹಿಡಿದು ನಿಂತರು. ಬಂದದ್ದನ್ನು ನಿಮಗೆ ಹೇಳಬಾರದೇ ಎಂದು ನಾನು ಕೇಳಿದ್ದಕ್ಕೆ, "ಹೇಳಿದ್ರೆ ಹೇಳ್ಕೊಳ್ಳಿ. ನಾನು ಕದ್ದು ಬಂದಿಲ್ಲ. ಕೇಳಿದ್ರೆ ಬಿಡಲ್ಲ ಅಂತ ಕೇಳ್ದೆ ಬಂದಿದೀನಿ" ಎಂದರು. ಆದ್ದರಿಂದ ಬರೆಯುತ್ತಿದ್ದೇನೆ. ಅವರ ಮೇಲೆ ಕೋಪಿಸಿಕೊಳ್ಳಬೇಡಿ.

ಅವರ ಮಾತುಗಳನ್ನು ಇದ್ದಂತೆಯೇ ಬರೆಯುತ್ತೇನೆ. ತಿದ್ದಲು ನನಗೆ ಮನಸ್ಸಿಲ್ಲ.

"ಮೇಷ್ಟ್ರು ಸಾಬ್, ನಮ್ಮೋರಿಗೆ ಹೆಸ್ರಿನ ಹುಚ್ಚು ಹತ್ಸಿದೋರು ನೀವು. ಊಟ ಬಿಡ್ತಾರೆ, ಹೆಸ್ರು ಬಿಡಲ್ಲ. ಓದಿದ್ದು ಓದಿದ್ದೇ ಅಂತಾರೆ. ನಾನ್ ಏನ್ ಕೇಳ್ತಿದೀನಿ? ಬಾಡಿಗೆ ಅಂತ ಒಂದು ಮಾತು. ನಿಮ್ಮ ಸತ್ಯಾನ ನೀವು ನಮ್ಮ ಒಲೆ ಮೇಲೆ ಇಟ್ಟಿದೀರ. ನಿಮ್ಮ ಒಲೆ ಮೇಲೆ ಪಿಂಚಣಿ ಇದೆ."

ಲಿಯಾಖತ್, ಇಷ್ಟು ವರ್ಷ ಎಷ್ಟೋ ಜನರ ವಾಕ್ಯಗಳನ್ನು ತಿದ್ದಿದ್ದೇನೆ. ಈ ವಾಕ್ಯದಲ್ಲಿ ತೆಗೆಯಬಹುದಾದ ಒಂದು ಅಕ್ಷರವೂ ಇರಲಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ಹೊಳೆದಾಗ ದೇವರೇ ಕಣ್ಣು ಬಿಟ್ಟನೆನಿಸಿತು. ನಿಮ್ಮ ಧ್ವನಿವರ್ಧಕದ ಬಾಡಿಗೆಯನ್ನು ನನ್ನ ಪಿಂಚಣಿಯಿಂದ ನಾನೇ ಕೊಟ್ಟುಬಿಟ್ಟರೆ? ಆಗ ಬಾಡಿಗೆ ಎಂಬುದು ಸತ್ಯವಾಗುತ್ತದೆ. ರಸೀದಿಯೂ ಸತ್ಯ, ಸಹಿಯೂ ಸತ್ಯ. ಶ್ರೀನಿವಾಸಪ್ಪನಿಂದ ಪಕ್ಷಕ್ಕೆ ಧ್ವನಿವರ್ಧಕದ ಬಾಡಿಗೆ ಎಂದು ನನ್ನ ಹೆಸರನ್ನು ನಾನೇ ಓದಿಕೊಳ್ಳುತ್ತೇನೆ. ನನ್ನ ಪಿಂಚಣಿಯನ್ನು ಯಾವ ಕದಿರೇಶನೂ ಮುಟ್ಟಲಾರ. ಒಳಗಿನಿಂದ ಹಣ ತಂದು ತಂಗಿಯ ಮುಂದೆ ಹಿಡಿದೆ. ಅವರು ಲೋಟವನ್ನು ಕೆಳಗಿಟ್ಟರು.

"ಹೆಂಡ್ತಿ ಕೈಗೆ ದುಡ್ಡು ಕೊಟ್ಟು ಗಂಡನ ಮರ್ಯಾದೆ ಕೊಂಡ್ಕೊತೀರಾ? ನಾನು ಸುಳ್ಳು ಕೇಳೋಕೆ ಬಂದೆ ಮೇಷ್ಟ್ರೇ, ಭಿಕ್ಷೆ ಕೇಳೋಕೆ ಬಂದಿಲ್ಲ. ಸುಳ್ಳು ಒಂದ್ ದಿನ ಹೇಳಿದ್ರೆ ಮುಗೀತು. ಈ ದುಡ್ಡು ಮನೇಲಿ ಬಂದು ಕೂತ್ರೆ ಅವ್ರು ನನ್ ಮುಖ ನೋಡ್ತಾರಾ?"

ಬಸ್ಸು ನಿಲ್ದಾಣದವರೆಗೆ ಜೊತೆಯಲ್ಲಿ ನಡೆದೆ. ಬಸ್ಸು ಹತ್ತುವಾಗ, "ಬಿಸ್ಲು ಜಾಸ್ತಿ, ಮನೆಗೆ ಹೋಗಿ" ಎಂದರು. ಅಷ್ಟೆಲ್ಲ ಆದ ಮೇಲೂ!

ಅವರು ಹೋದ ಬಳಿಕ ಹಣವನ್ನು ಪೆಟ್ಟಿಗೆಯಲ್ಲಿ ಮರಳಿ ಇಡುತ್ತಿದ್ದಾಗ ನನ್ನ ಉಪಾಯದ ನಿಜವಾದ ಮುಖ ಕಾಣಿಸಿತು. ಕೊಟ್ಟ ದಿನ ನೀವು ಕೊಡುಗೆಯಾಗಿಯೇ ಕೊಟ್ಟಿರಿ. ಅದನ್ನು ನಾನು ಈಗ ಹಣ ತೆತ್ತು, ರಸೀದಿ ಬರೆಸಿ, ಹಿಂದಿನಿಂದಲೂ ಬಾಡಿಗೆಯೇ ಆಗಿತ್ತೆಂದು ತೋರಿಸಲು ಹೊರಟಿದ್ದೆ. ದೊಡ್ಡ ಪಕ್ಷಗಳ ಲೆಕ್ಕಿಗರು ಮಾಡುವುದು ಇದನ್ನೇ ಅಲ್ಲವೇ? ಕಾಗದದ ಮೇಲೆ ಒಂದು ದೋಷವೂ ಇರುವುದಿಲ್ಲ, ನಡೆದದ್ದು ಮಾತ್ರ ಬೇರೆ. ಅವರನ್ನು ವರ್ಷಗಟ್ಟಲೆ ವೇದಿಕೆಯ ಮೇಲೆ ನಿಂದಿಸಿದವನು ಅರ್ಧ ಗಂಟೆಯಲ್ಲಿ ಅವರ ವಿದ್ಯೆಯನ್ನು ಯಾರೂ ಹೇಳಿಕೊಡದೆಯೇ ಕಲಿತುಬಿಟ್ಟಿದ್ದೆ. ಕಲಿತದ್ದರಿಂದ ಮೊದಲು ನನಗೆ ಆದದ್ದು ನಾಚಿಕೆಯಲ್ಲ, ಸಂತೋಷ. ಅದು ನನ್ನನ್ನು ಹೆದರಿಸಿದೆ.

ಆದ್ದರಿಂದ ಶುದ್ಧವಾದ ಸುಳ್ಳು ಎಂದು ಕರೆಸಿಕೊಳ್ಳದ ದಾರಿ ಯಾವುದೂ ಉಳಿದಿಲ್ಲ. ಹೆಸರನ್ನು ಓದದೆ ಬಿಟ್ಟುಬಿಡಲೇ ಎಂದೂ ಯೋಚಿಸಿದೆ. ಅದು ಸಾಲದು, ಕದಿರೇಶ್ ಕೇಳಿದ್ದು ಮೌನವನ್ನಲ್ಲ. ಸಭೆಯನ್ನೇ ನಿಲ್ಲಿಸೋಣವೆಂದರೆ ಮತದಾನದ ಮುನ್ನ ನಮ್ಮ ಅಭ್ಯರ್ಥಿ ಸುನಂದ ಜನರ ಮುಖ ನೋಡಲು ಉಳಿದಿರುವುದು ಅದೊಂದೇ. ದೊಡ್ಡವರ ಮೇಲೆ ದೂರು ಕೊಡೋಣವೆಂದರೆ, ಮದುವೆಯ ಮನೆಯವರು ಬೇರೊಬ್ಬರಿಂದ ಮೈಕು ತರಿಸಿದ್ದು ಯಾವ ಅಪರಾಧ? ನಮ್ಮನ್ನು ಕೆಡಿಸಿದ ಕೈ ಎಲ್ಲಿಯೂ ಗುರುತು ಬಿಟ್ಟಿಲ್ಲ.

ನೀವು ಏನು ಹೇಳುವಿರೆಂದು ನಾನು ಬಲ್ಲೆ. ಓದಿದ್ದು ಓದಿದ್ದೇ ಎನ್ನುವಿರಿ. ಅಂಗಡಿ ಹೋದರೆ ಹೋಯಿತು, ತಳ್ಳುವ ಗಾಡಿಯಲ್ಲಿ ಹಣ್ಣು ಮಾರುತ್ತೇನೆ ಎನ್ನುವಿರಿ. ಹಾಗೆ ಹೇಳುವ ಹಕ್ಕು ನಿಮಗಿದೆ. ಹಾಗೆ ಹೇಳಿಸುವ ಹಕ್ಕು ನನಗಿಲ್ಲ. ನೀವು ಹಸಿದುಕೊಂಡು ಕಾಪಾಡುವ ಸತ್ಯವನ್ನು ನಾನು ಹೊಟ್ಟೆ ತುಂಬಿಸಿಕೊಂಡು ಓದಲಾರೆ. ನಮ್ಮ ಪಕ್ಷ ಗೆಲ್ಲುವುದಿಲ್ಲ. ಅದು ಇಬ್ಬರಿಗೂ ಮೊದಲಿನಿಂದ ಗೊತ್ತು. ಸೋಲುವ ಪಕ್ಷಕ್ಕೆ ಒಂದು ಕುಟುಂಬವನ್ನು ಕೂಡ ಕೊಡಬೇಕೆ?

ಆದ್ದರಿಂದ ನಾಳೆ ನಾನು ಬಾಡಿಗೆ ಎಂದೇ ಓದುತ್ತೇನೆ. ರಸೀದಿಗೆ ಸಹಿ ಹಾಕುತ್ತೇನೆ. ಸಭೆ ಮುಗಿದ ಕೂಡಲೇ ಖಜಾಂಚಿಯ ಕೆಲಸವನ್ನು ಬಿಡುತ್ತೇನೆ, ಸುನಂದರಿಗೆ ಹೇಳಿಯಾಗಿದೆ. ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದವನು ಆ ಜಾಗದಲ್ಲಿ ಕುಳಿತಿದ್ದರೆ, ಇನ್ನೊಮ್ಮೆ ಹಾಕುವುದು ಬಹಳ ಸುಲಭವಾಗುತ್ತದೆ. ಇನ್ನು ಮುಂದೆ ಹೆಸರುಗಳನ್ನು ಓದುವವರು ಯಾರೋ, ಓದುವುದು ಉಳಿಯುತ್ತದೆಯೋ ಇಲ್ಲವೋ, ನಾನು ಅರಿಯೆ. ನಮ್ಮ ನಾಲ್ಕು ತಾಲ್ಲೂಕಿನ ಜನ ಮೈದಾನದಲ್ಲಿ ನಿಂತು ಇದನ್ನು ಕೇಳುತ್ತಾರೆ. ಓ, ಇವರೂ ಹಾಗೆಯೇ, ಎಂದುಕೊಂಡು ಮನೆಗೆ ಹೋಗುತ್ತಾರೆ. ಅಶ್ವತ್ಥಮ್ಮನವರೂ ಬರುತ್ತೇನೆಂದಿದ್ದಾರೆ.

ಈ ಪತ್ರವನ್ನು ನಾಳೆ ಮುಂಜಾನೆ ನಾನೇ ತಂದು ನಿಮ್ಮ ಅಂಗಡಿಯ ಬಾಗಿಲಿನ ಅಡಿಯಲ್ಲಿ ನೂಕಿ ಹೋಗುತ್ತೇನೆ. ನೀವು ಓದಿ ಮುಗಿಸುವ ಹೊತ್ತಿಗೆ ನಾನು ಸುನಂದರ ಜೊತೆಯಲ್ಲಿ ಹಳ್ಳಿಗಳ ಕಡೆ ಇರುತ್ತೇನೆ; ನನ್ನನ್ನು ಹುಡುಕಬೇಡಿ. ಸಂಜೆ ನೀವು ಬಂದೇ ಬರುವಿರಿ. ಒಪ್ಪಿಕೊಂಡ ಕೆಲಸವನ್ನು ಬಿಡುವವರು ನೀವಲ್ಲ. ಯಂತ್ರದ ಮುಂದೆ ನೀವೇ ಕುಳಿತಿರುತ್ತೀರಿ, ಏಕೆಂದರೆ ತನ್ವೀರನಿಗೆ ಪಾಳಿ. ನಿಮ್ಮ ಹೆಸರು ಬರುತ್ತಿದ್ದಂತೆ ನಿಮ್ಮ ಕೈ ಮೈಕನ್ನು ಆರಿಸುವ ಗುಂಡಿಯ ಕಡೆ ಹೋಗುತ್ತದೆ. ಒಮ್ಮೆ ಒತ್ತಿದರೆ ಸಾಕು, ನನ್ನ ಮುದಿ ಗಂಟಲು ಮೊದಲ ಸಾಲಿಗೂ ಕೇಳುವುದಿಲ್ಲ.

ಒತ್ತಬೇಡಿ, ಲಿಯಾಖತ್. ಅಖ್ತರ್ ಬಾನು ಅವರ ಹೆಸರಿನಲ್ಲಿ ಕೈಮುಗಿದು ಕೇಳುತ್ತೇನೆ. ನನ್ನ ಸುಳ್ಳು ಮೈದಾನದ ಕೊನೆಯವರೆಗೆ, ಕದಿರೇಶನ ಕಿವಿಯವರೆಗೆ ತಲುಪಬೇಕು. ಆ ಒಂದು ವಾಕ್ಯ ಮುಗಿಯುವವರೆಗೆ ಬೇರೆ ಕಡೆ ನೋಡುತ್ತಿರಿ. ನಾನೂ ನಿಮ್ಮ ಕಡೆ ನೋಡುವುದಿಲ್ಲ. ನೋಡಿದರೆ ಓದಲಾರೆ.

ನೀವು ಕೊಟ್ಟಿರಿ. ಬಾಡಿಗೆಯನ್ನು ಕೇಳದೆ, ಪ್ರತಿಫಲ ಬಯಸದೆ, ಸಂತೋಷದಿಂದ ಕೊಟ್ಟಿರಿ. ನಾಳೆಯ ನಂತರ ಇದು ಈ ಕಾಗದವೊಂದರಲ್ಲಿ ಬಿಟ್ಟರೆ ಬೇರೆಲ್ಲಿಯೂ ಇರುವುದಿಲ್ಲ. ಇದನ್ನೂ ಯಾರಿಗೂ ತೋರಿಸಬೇಡಿ; ಯಾರ ಕೈಗಾದರೂ ಸಿಕ್ಕಿದರೆ ಅಂಗಡಿ ಮತ್ತೆ ಹೋಗುತ್ತದೆ. ಓದಿದ ಮೇಲೆ ಸುಟ್ಟುಬಿಡಿ.

ಮುಂದಿನ ಲಗ್ನಗಳೆಲ್ಲ ನಿಮ್ಮವಾಗಲಿ, ತನ್ವೀರ್ ನಿಮ್ಮ ಪಕ್ಕಕ್ಕೆ ಮರಳಲಿ, ನಿಮ್ಮ ಮನೆಯ ಒಲೆ ಆರದಿರಲಿ ಎಂದು ಹಾರೈಸುವ,

ನಿಮ್ಮ ಹೆಸರನ್ನು ಒಮ್ಮೆ ಸರಿಯಾಗಿ ಓದಿದ್ದ
ಶ್ರೀನಿವಾಸಪ್ಪ
ಮುಳಬಾಗಿಲು